ಬಾಗಿಲು ಮುಚ್ಚಿದಾಗ ಬಯಲಿಗೆ ಹೋಗಬಹುದೆ?



ನಿಮ್ಮಲ್ಲಿ ಈಗ ಕಾಲೇಜಿನಲ್ಲಿರುವವರು 2020ರಲ್ಲಿ ಹೈಸ್ಕೂಲಿನಲ್ಲಿಯೋ ಅದರ ಹೊಸ್ತಿಲಲ್ಲಿಯೋ ಇದ್ದಿರಿ. ಈಗ ಹೈಸ್ಕೂಲಿನಲ್ಲಿರುವವರು ಆಗ ಪ್ರಾಥಮಿಕ ಶಾಲೆಯ ಮಕ್ಕಳು. ಆ ವರ್ಷದ ಮಾರ್ಚ್ 22, ರವಿವಾರ, ಜನತಾ ಕರ್ಫ್ಯೂ ನಡೆಯಿತು. ಎರಡು ದಿನ ಕಳೆದು ರಾತ್ರಿ ಎಂಟಕ್ಕೆ ಪ್ರಧಾನಮಂತ್ರಿಗಳು ಟಿ.ವಿ.ಯಲ್ಲಿ ಮಾತಾಡಿದರು. 25ರಿಂದ ಇಡೀ ದೇಶಕ್ಕೆ ಬೀಗ ಬಿತ್ತು. ಮೊದಲು 21 ದಿನ ಎಂದರು. ಅದು ಬೆಳೆಯುತ್ತ ಮೇ 31ರವರೆಗೆ ಬಂತು. ಒಟ್ಟು 68 ದಿನ. ಮೊದಲ ನಾಲ್ಕು ದಿನ ಪರೀಕ್ಷೆ ತಪ್ಪಿತೆಂದು ಕುಣಿದ ಮಕ್ಕಳೇ ಎರಡನೆಯ ವಾರಕ್ಕೆ ಕಿಡಕಿಯ ಸರಳು ಹಿಡಿದು ಓಣಿಯನ್ನು ನೋಡುತ್ತ ನಿಂತರು. ಒಳಗಿನಿಂದ ಅವ್ವ, "ಹೊರಗ ಹೋಗಬ್ಯಾಡ, ಪೊಲೀಸರು ಬರ್ತಾರ" ಎಂದು ಕೂಗುತ್ತಿದ್ದಳು.

ಅವ್ವ ಹೇಳಿದ್ದು ಸರಿಯಿತ್ತೆ? ಇದೇ ಇಂದಿನ ಮಾತಿನ ವಿಷಯ. ಸಾಂಕ್ರಾಮಿಕ ರೋಗದ ಕಾಲದಲ್ಲಿ, ಸರಕಾರ ನಿರ್ಬಂಧ ಹಾಕಿರುವಾಗ, ಮಕ್ಕಳು ಬಯಲಿಗೆ ಹೋಗಿ ಓಡಬಹುದೆ, ವ್ಯಾಯಾಮ ಮಾಡಬಹುದೆ? ನಮ್ಮ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ವಿಚಾರಿಸೋಣ. ಪ್ರಶ್ನೆ ಒಂದೇ ಎಂದು ತೋರಿದರೂ ಅದರೊಳಗೆ ಎರಡು ಪ್ರಶ್ನೆಗಳಿವೆ. ಕಾನೂನು ಬಿಡುತ್ತದೆಯೆ ಎಂಬುದು ಒಂದು. ರೋಗ ಬಿಡುತ್ತದೆಯೆ ಎಂಬುದು ಇನ್ನೊಂದು. ಆಗ ನಾವೆಲ್ಲ ಇವೆರಡನ್ನೂ ಕಲಸಿ ಒಂದೇ ಮುದ್ದೆ ಮಾಡಿಕೊಂಡೆವು. ಹೆದರಿಕೆ ಇದ್ದಾಗ ಹಾಗಾಗುವುದು ಸಹಜ.

ಮೊದಲು ಕಾನೂನಿನ ಮಾತು. ಕೇಂದ್ರ ಗೃಹ ಮಂತ್ರಾಲಯ ಮಾರ್ಚ್ 24ರಂದು ಹೊರಡಿಸಿದ ಆದೇಶ 2005ರ ವಿಪತ್ತು ನಿರ್ವಹಣಾ ಕಾಯಿದೆಯನ್ನು ಆಧರಿಸಿತ್ತು. ಯಾವುದಕ್ಕೆ ವಿನಾಯಿತಿ ಎಂದು ಅದರಲ್ಲಿ ದೊಡ್ಡ ಪಟ್ಟಿಯೇ ಇತ್ತು. ರೇಶನ್, ಹಾಲು, ಕಾಯಿಪಲ್ಲೆ, ಔಷಧಿ, ಬ್ಯಾಂಕು ಎಲ್ಲ ಇದ್ದವು. ಕೆಲವೇ ದಿನಗಳಲ್ಲಿ ಹೊಲದ ಕೆಲಸವೂ ಸೇರಿತು. ಆದರೆ ವ್ಯಾಯಾಮ ಎಂಬ ಶಬ್ದ ಆ ಪಟ್ಟಿಯಲ್ಲಿ ಇರಲಿಲ್ಲ. ದೊಡ್ಡವರಿಗೂ ಇಲ್ಲ, ಮಕ್ಕಳಿಗೂ ಇಲ್ಲ. ಅಂದರೆ ಮೊದಲ ಹಂತದಲ್ಲಿ ಅವ್ವ ಹೇಳಿದ್ದು ಕಾನೂನಿನ ಪ್ರಕಾರ ಸರಿಯೇ ಆಗಿತ್ತು.

ಮುಂದೆ ಮೇ 1ರ ಆದೇಶ ಬಂತು. ದೇಶದ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದರು. ನಮ್ಮ ಬೆಳಗಾವಿ ಜಿಲ್ಲೆ ಕಿತ್ತಳೆಯಾಯಿತು. ಈ ಆದೇಶದಲ್ಲಿ ಮಕ್ಕಳ ಹೆಸರು ಬಂತು. 65 ವರ್ಷ ದಾಟಿದವರು, ಬೇರೆ ಕಾಯಿಲೆ ಇರುವವರು, ಗರ್ಭಿಣಿಯರು ಮತ್ತು 10 ವರ್ಷದೊಳಗಿನ ಮಕ್ಕಳು ಮನೆಯಲ್ಲಿಯೇ ಇರತಕ್ಕದ್ದು. ಅಗತ್ಯ ಕೆಲಸಕ್ಕೆ ಮತ್ತು ಆರೋಗ್ಯದ ಕಾರಣಕ್ಕೆ ಮಾತ್ರ ಹೊರಗೆ ಬರಬಹುದು ಎಂಬುದು ಅದರ ಸಾರಾಂಶ. ಈ ವಾಕ್ಯವನ್ನು ಇನ್ನೊಮ್ಮೆ ಓದಿರಿ. ಹತ್ತು ದಾಟಿದ ಹುಡುಗ ಹುಡುಗಿಯರಿಗೆ ಈ ಮಾತು ಅನ್ವಯಿಸುವುದೇ ಇಲ್ಲ. ಹತ್ತರೊಳಗಿನವರಿಗೂ ಆರೋಗ್ಯದ ಕಾರಣ ಎಂಬ ಒಂದು ಸಣ್ಣ ಬಾಗಿಲು ತೆರೆದೇ ಇತ್ತು. ಮಗುವಿನ ಕೈಕಾಲು ಆಡಿಸುವುದು ಆರೋಗ್ಯದ ಕಾರಣವೇ ಅಲ್ಲವೆ? ಡಾಕ್ಟರರನ್ನು ಕಾಣಲು ಹೋಗುವುದಷ್ಟೇ ಆರೋಗ್ಯವೆ? ಯಾರೂ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಲಿಲ್ಲ. ಬೀದಿಗೆ ಬಂದವರ ಮೇಲೆ ಲಾಠಿ ಬೀಸುವ ದೃಶ್ಯಗಳನ್ನು ದಿನವೂ ನೋಡುತ್ತಿದ್ದ ತಂದೆತಾಯಿಗಳು ವಾಕ್ಯದ ಅರ್ಥ ಬಿಡಿಸುತ್ತ ಕೂಡುವ ಸ್ಥಿತಿಯಲ್ಲಿರಲಿಲ್ಲ.

ಮೇ 19ರಿಂದ ಕರ್ನಾಟಕ ಸರಕಾರ ಉದ್ಯಾನಗಳನ್ನು ಬೆಳಿಗ್ಗೆ 7ರಿಂದ 9ರವರೆಗೆ, ಸಾಯಂಕಾಲ 5ರಿಂದ 7ರವರೆಗೆ ತೆರೆಯಿತು. ನಗರದವರಿಗೆ ಅದೊಂದು ದೊಡ್ಡ ಸುದ್ದಿ. ಅಥಣಿ ತಾಲೂಕಿನ ಒಂದು ಹಳ್ಳಿಯಲ್ಲಿ ಕೂತವರು ಅದನ್ನು ಕೇಳಿ ನಕ್ಕಿರಬೇಕು. ಉದ್ಯಾನವೇ ಇಲ್ಲದ ಊರಿಗೆ ಉದ್ಯಾನದ ವೇಳಾಪತ್ರಿಕೆ! ಊರ ಸುತ್ತ ಹರದಾರಿಗಟ್ಟಲೆ ಬಯಲು ಇತ್ತು. ಆದರೆ ಬಯಲಿನ ಬಗ್ಗೆ ಯಾವ ಆದೇಶವೂ ಮಾತಾಡಲಿಲ್ಲ. ಮೇ 30ರ ಆದೇಶದಲ್ಲಿ ಇನ್ನೊಂದು ಸಣ್ಣ ಬದಲಾವಣೆ ಆಯಿತು. ಹತ್ತರೊಳಗಿನ ಮಕ್ಕಳು ಮನೆಯಲ್ಲಿ "ಇರತಕ್ಕದ್ದು" ಎಂಬುದು ಹೋಗಿ "ಇರುವಂತೆ ಸಲಹೆ ನೀಡಲಾಗಿದೆ" ಎಂಬ ಅರ್ಥದ ಮಾತು ಬಂತು. ಅಪ್ಪಣೆ ಸಲಹೆಯಾಯಿತು. ಕಾನೂನು ಓದಲಿರುವ ವಿದ್ಯಾರ್ಥಿಗಳು ಇದನ್ನು ಗುರುತು ಹಾಕಿಕೊಳ್ಳಲಿ. ಒಂದು ಕ್ರಿಯಾಪದ ಬದಲಾದರೆ ಲಕ್ಷಾಂತರ ಮಕ್ಕಳ ದಿನಚರಿ ಬದಲಾಗಬಹುದು. ಬದಲಾಗಲಿಲ್ಲ ಎಂಬುದು ಬೇರೆ ಮಾತು. ಸಲಹೆಯ ಸುದ್ದಿ ಊರಿಗೆ ಮುಟ್ಟುವ ಹೊತ್ತಿಗೆ ಹೆದರಿಕೆ ಅಲ್ಲಿ ಬೇರು ಬಿಟ್ಟಿತ್ತು.

ನಮ್ಮ ಭಾಗದಲ್ಲಿ ಹೆದರಿಕೆಗೆ ಕಾರಣಗಳೂ ಇದ್ದವು. ಈ ಐದು ತಾಲೂಕುಗಳು ಮಹಾರಾಷ್ಟ್ರದ ಗಡಿಗೆ ಹತ್ತಿರದಲ್ಲಿವೆ. ಕಾಗವಾಡದವರಿಗೆ ದವಾಖಾನೆ ಎಂದರೆ ಮಿರಜ; ನಿಪ್ಪಾಣಿಯವರಿಗೆ ಸಂತೆ, ಸಂಬಂಧ ಎಲ್ಲಕ್ಕೂ ಕಾಗಲ, ಕೊಲ್ಲಾಪುರ. ಆ ರಾಜ್ಯದಲ್ಲಿ ರೋಗ ಏರುತ್ತಿದ್ದಂತೆ ಹೆದ್ದಾರಿಯ ಕೊಗನೊಳಿಯಲ್ಲಿ, ಇತ್ತ ಕಾಗವಾಡದಲ್ಲಿ ತಪಾಸಣಾ ನಾಕೆಗಳು ಎದ್ದವು. ಏಪ್ರಿಲ್ 2020ರಲ್ಲಿ ರಾಯಬಾಗ ತಾಲೂಕಿನ ಕುಡಚಿಯಲ್ಲಿ ಪ್ರಕರಣಗಳು ಒಂದರ ಹಿಂದೊಂದು ಕಂಡಾಗ ಊರಿಗೆ ಊರನ್ನೇ ಮುಚ್ಚಿದರು. ಅಂಥ ಕಡೆ ಮಕ್ಕಳು ಹೊರಗೆ ಓಡಬಹುದಿತ್ತೆ ಎಂದು ಕೇಳಿದರೆ ನನ್ನ ಉತ್ತರ ಸ್ಪಷ್ಟವಾಗಿದೆ: ಇಲ್ಲ. ರೋಗ ಯಾವ ಮನೆಯಲ್ಲಿದೆ ಎಂದು ಗೊತ್ತಿಲ್ಲದಾಗ, ತಪಾಸಣೆ ನಡೆದಿರುವಾಗ, ಎರಡು ವಾರ ಅಂಗಳದ ಮಿತಿಯಲ್ಲಿ ಇರುವುದು ನ್ಯಾಯವಾದದ್ದು. ಆದರೆ ಕುಡಚಿಗೆ ಸಲ್ಲುವ ನಿಯಮ ಒಂದೂ ಪ್ರಕರಣವಿಲ್ಲದ ದೂರದ ಹಳ್ಳಿಗೂ ಅಷ್ಟೇ ಸಲ್ಲಬೇಕೆ ಎಂಬಲ್ಲಿ ನನ್ನ ತಕರಾರು.

ಈಗ ರೋಗದ ಮಾತಿಗೆ ಬರೋಣ. ಕೊರೋನಾ ವೈರಾಣು ಹೇಗೆ ದಾಟುತ್ತದೆ? ರೋಗಿ ಕೆಮ್ಮಿದಾಗ, ಮಾತಾಡಿದಾಗ, ಹಾಡಿದಾಗ, ಬರೀ ಉಸಿರು ಬಿಟ್ಟಾಗಲೂ ತುಂತುರು ಹನಿಗಳು ಹೊರಬೀಳುತ್ತವೆ. ದೊಡ್ಡ ಹನಿಗಳು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ. ತೀರ ಸಣ್ಣವು ಗಾಳಿಯಲ್ಲಿ ತೇಲುತ್ತ ಉಳಿಯುತ್ತವೆ. ಇದನ್ನು ತಿಳಿಯಲು ಪ್ರಯೋಗಶಾಲೆ ಬೇಡ, ನಿಮ್ಮ ಅಡಿಗೆಮನೆ ಸಾಕು. ಹಸಿ ಕಟ್ಟಿಗೆಯ ಒಲೆ ಹೊತ್ತಿಸಿ ಬಾಗಿಲು ಕಿಡಕಿ ಮುಚ್ಚಿರಿ. ಐದು ನಿಮಿಷದಲ್ಲಿ ಕಣ್ಣು ಉರಿಯುತ್ತದೆ. ಅದೇ ಕಟ್ಟಿಗೆಯನ್ನು ಹೊಲದ ಬದುವಿನಲ್ಲಿ ಹೊತ್ತಿಸಿರಿ. ನಾಲ್ಕು ಮಾರು ದೂರ ನಿಂತವನಿಗೆ ವಾಸನೆಯಷ್ಟೇ ಬರುತ್ತದೆ. ಉಸಿರಿನ ಹನಿಗಳೂ ಹೊಗೆಯ ಹಾಗೆಯೇ. ಮುಚ್ಚಿದ ಕೋಣೆಯಲ್ಲಿ ಕೂಡಿಕೊಳ್ಳುತ್ತವೆ, ಬಯಲಿನಲ್ಲಿ ಚದುರಿ ತೆಳುವಾಗುತ್ತವೆ. ಈ ರೋಗ ದಾಟಿದ ಪ್ರಸಂಗಗಳಲ್ಲಿ ಬಹುಪಾಲು ಒಳಾಂಗಣದವು ಎಂಬುದು ಮುಂದಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಖಚಿತವಾಯಿತು. ರೋಗ ಗಾಳಿಯಲ್ಲಿ ತೇಲಿ ಹರಡುತ್ತದೆ ಎಂಬುದನ್ನು ಜಗತ್ತಿನ ಆರೋಗ್ಯ ಸಂಸ್ಥೆಗಳು ಸ್ಪಷ್ಟವಾಗಿ ಒಪ್ಪಿಕೊಳ್ಳಲು ತಡವಾಯಿತು. ತಡವಾದ ಆ ತಿಂಗಳುಗಳಲ್ಲಿ ನಾವು ಮಕ್ಕಳನ್ನು ಅಪಾಯ ಕಡಿಮೆ ಇರುವ ಕಡೆಯಿಂದ ಎತ್ತಿ ಹೆಚ್ಚು ಇರುವ ಕಡೆ ಕೂಡಿಹಾಕಿದೆವು.

ಇಲ್ಲೊಂದು ಹಳೆಯ ಕಥೆ ನೆನಪಿಸಬೇಕು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಒಂದೆರಡು ವರ್ಷಗಳಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ಬಂತು. ಆಗ ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿಯೂ ಬಳಸಿದರು. ಕಾನೂನು ಅದೇ ಆದರೂ ಜನರ ನಡತೆ ಪೂರ್ತಿ ಬೇರೆಯಾಗಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ಬಿಡುತ್ತಿದ್ದರು. ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು, ದನಕರು ಮಕ್ಕಳೊಂದಿಗೆ ತಿಂಗಳುಗಟ್ಟಲೆ ಅಲ್ಲಿಯೇ ಇರುತ್ತಿದ್ದರು. ಪ್ಲೇಗನ್ನು ಇಲಿಯಿಂದ ಮನುಷ್ಯರಿಗೆ ದಾಟಿಸುವುದು ಚಿಗಟ ಎಂದು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ವಿದ್ವಾಂಸರು ಅದನ್ನು ಒಪ್ಪಲು ಮತ್ತೆ ಕೆಲವು ವರ್ಷ ಹಿಡಿಯಿತು. ಹಳ್ಳಿಗರಿಗೆ ಚಿಗಟದ ಸುದ್ದಿ ಗೊತ್ತಿರಲಿಲ್ಲ. ಮುಚ್ಚಿದ ಮನೆಯಲ್ಲಿ ಸಾವಿದೆ, ಬಯಲಿನಲ್ಲಿ ಇಲ್ಲ ಎಂಬುದಷ್ಟೇ ಗೊತ್ತಿತ್ತು. ಎರಡೂ ರೋಗಗಳ ದಾರಿ ಬೇರೆ ಬೇರೆ. ಆದ್ದರಿಂದ ಹೋಲಿಕೆಯನ್ನು ಬಹಳ ಎಳೆಯಬಾರದು. ಆದರೂ ನಮ್ಮ ಮುತ್ತಜ್ಜಂದಿರು ಮಹಾಮಾರಿ ಬಂದಾಗ ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋದರು, ನಾವು ಒಳಗೆ ಎಳೆದುಕೊಂಡೆವು ಎಂಬುದು ಯೋಚಿಸತಕ್ಕ ಸಂಗತಿ.

ಬೇರೆ ದೇಶಗಳಲ್ಲಿ ಏನಾಯಿತು? ಬ್ರಿಟನ್ನಿನಲ್ಲಿ 2020ರ ಮಾರ್ಚ್ 23ರಂದು ನಿರ್ಬಂಧ ಹಾಕಿದಾಗಲೇ ದಿನಕ್ಕೊಂದು ಸಲ ವ್ಯಾಯಾಮಕ್ಕೆ ಹೊರಬರಬಹುದು ಎಂದು ಹೇಳಿದರು. ಸ್ಪೇನಿನಲ್ಲಿ ಮಾತ್ರ ನಮ್ಮಂತೆಯೇ ಬಿಗಿ. ಅಲ್ಲಿಯ ಮಕ್ಕಳು ಮಾರ್ಚ್ ಮಧ್ಯದಿಂದ ಆರು ವಾರ ಹೊಸ್ತಿಲು ದಾಟಲಿಲ್ಲ. ನಾಯಿಯನ್ನು ಹೊರಗೆ ಕರೆದೊಯ್ಯಬಹುದಿತ್ತು, ಮಗುವನ್ನಲ್ಲ! ತಂದೆತಾಯಿಗಳ ಒತ್ತಾಯ ಹೆಚ್ಚಾಗಿ ಏಪ್ರಿಲ್ 26ರಿಂದ ನಿಯಮ ಸಡಿಲಿಸಿದರು: 14 ವರ್ಷದೊಳಗಿನವರು ದಿನಕ್ಕೆ ಒಂದು ತಾಸು, ಮನೆಯಿಂದ ಒಂದು ಕಿಲೋಮೀಟರಿನೊಳಗೆ, ಒಬ್ಬ ಹಿರಿಯರ ಜೊತೆ ಹೆಚ್ಚೆಂದರೆ ಮೂವರು. ಈ ನಿಯಮದ ಗುಣ ನೋಡಿರಿ. ಎಷ್ಟು ಹೊತ್ತು, ಎಷ್ಟು ದೂರ, ಎಷ್ಟು ಜನ ಎಂದು ಅದು ಹೇಳಿತು. ಗುಂಪು ಕೂಡದಂತೆ ಕಟ್ಟಿತೇ ವಿನಾ ಮಗುವಿನ ಕಾಲು ಕಟ್ಟಲಿಲ್ಲ. ನಮ್ಮ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇದನ್ನು ಇನ್ನೂ ಸುಲಭವಾಗಿ ಮಾಡಬಹುದಿತ್ತು. ನಮ್ಮಲ್ಲಿ ಜಾಗಕ್ಕೆ ಬರವಿರಲಿಲ್ಲ.

ಒಂದು ತಾಸು ಎಂಬುದು ಸುಮ್ಮನೆ ಹೇಳಿದ ಲೆಕ್ಕವಲ್ಲ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಷ್ಟು ಚಟುವಟಿಕೆ ಮಾಡಬೇಕು, ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಎಲುಬು ಗಟ್ಟಿಯಾಗುವ ಓಟ, ಜಿಗಿತ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಮಾರ್ಗಸೂಚಿಯನ್ನು ಅದು ಪರಿಷ್ಕರಿಸಿ ಪ್ರಕಟಿಸಿದ್ದು ನವೆಂಬರ್ 2020ರಲ್ಲಿ, ಅಂದರೆ ಮಹಾಮಾರಿಯ ನಡುವೆಯೇ. ಎಲುಬಿನ ಗಟ್ಟಿತನದ ಬಹುಪಾಲು ಬಾಲ್ಯ ಮತ್ತು ಹರೆಯದಲ್ಲಿಯೇ ಕೂಡಿಬೀಳುತ್ತದೆ. ಅದು ಬ್ಯಾಂಕಿನ ಠೇವಣಿಯಂತೆ. ಮುಪ್ಪಿನಲ್ಲಿ ತೆಗೆದು ತಿನ್ನುವುದು ಇದನ್ನೇ. ಬಿಸಿಲು ಚರ್ಮಕ್ಕೆ ತಾಗಿದರೆ ಡಿ ಜೀವಸತ್ವ ತಯಾರಾಗುತ್ತದೆ. ಕಣ್ಣಿನ ಸಂಗತಿ ಅನೇಕರಿಗೆ ಗೊತ್ತಿಲ್ಲ. ಬಯಲಿನ ಪ್ರಖರ ಬೆಳಕು ಬೆಳೆಯುವ ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗದಂತೆ ತಡೆಯುತ್ತದೆ. ಕಣ್ಣುಗುಡ್ಡೆ ಉದ್ದವಾದರೆ ದೂರದ್ದು ಮಸಕಾಗುತ್ತದೆ, ಅದೇ ಸಮೀಪದೃಷ್ಟಿ. ಚೀನಾದ ಶಾಲಾಮಕ್ಕಳನ್ನು 2020ರ ಗೃಹಬಂಧನದ ನಂತರ ತಪಾಸಿಸಿದಾಗ 6ರಿಂದ 8 ವರ್ಷದವರಲ್ಲಿ ಸಮೀಪದೃಷ್ಟಿ ಹಿಂದಿನ ವರ್ಷಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚಾಗಿತ್ತು. ಆ ಹೊತ್ತಿಗೆ ನಮ್ಮ ಮಕ್ಕಳ ಕೈಯಲ್ಲಿ ಏನಿತ್ತು? ಅಪ್ಪನ ಮೊಬೈಲು.

ಹಳ್ಳಿಯ ಮಕ್ಕಳು ಎಲ್ಲಿ ಒಳಗಿದ್ದರು, ಅವರು ಹೊಲದಲ್ಲಿದ್ದರಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಕೃಷ್ಣೆಯ ದಂಡೆಯ ಊರುಗಳಲ್ಲಿ ಕಬ್ಬಿಗೆ ನೀರು ಹಾಯಿಸಲು, ಮೇವು ತರಲು, ಆಡು ಕಾಯಲು ಮಕ್ಕಳು ಹೋದರು. ಅವರಿಗೆ ಬಿಸಿಲು ಸಿಕ್ಕಿತು, ಗಾಳಿ ಸಿಕ್ಕಿತು. ಆದರೆ ಮೇವಿನ ಹೊರೆ ಹೊರುವುದನ್ನು ಆಟವೆನ್ನಲಾಗದು. ಆಟದಲ್ಲಿ ಮಗು ತನಗೆ ಬೇಕಾದಾಗ ಓಡುತ್ತದೆ, ದಣಿದಾಗ ನಿಲ್ಲುತ್ತದೆ, ಸೋತಾಗ ಜಗಳಾಡುತ್ತದೆ. ಕೆಲಸದಲ್ಲಿ ಈ ಮೂರೂ ಇಲ್ಲ. ನಿಪ್ಪಾಣಿಯ ಇಕ್ಕಟ್ಟಿನ ಓಣಿಗಳ ಸ್ಥಿತಿ ಬೇರೆ. ತಾಯಂದಿರು ಬೀಡಿ ಕಟ್ಟುವ ಮನೆಗಳಲ್ಲಿ ತಂಬಾಕಿನ ಧೂಳು ಇದ್ದದ್ದೇ. ಅಂಥ ಒಂದು ಕೋಣೆಯಲ್ಲಿ ಐದಾರು ಮಂದಿ ಇಡೀ ದಿನ ಕೂತರೆ "ಮನೆಯಲ್ಲಿಯೇ ಇರಿ, ಸುರಕ್ಷಿತವಾಗಿರಿ" ಎಂಬ ಘೋಷಣೆಗೆ ಅರ್ಥವೇನು? ಆ ಘೋಷಣೆ ಬರೆದವರ ಮನೆಗೆ ಬಾಲ್ಕನಿ ಇದ್ದಿರಬೇಕು.

ಹುಡುಗಿಯರ ಮಾತನ್ನು ಬೇರೆಯಾಗಿಯೇ ಹೇಳಬೇಕು. ಹುಡುಗರು ಹೇಗೋ ತಪ್ಪಿಸಿಕೊಂಡು ಹಳ್ಳದ ದಂಡೆಗೆ ಹೋಗಿ ಕ್ರಿಕೆಟ್ ಆಡಿಯೇ ಆಡಿದರು. ಬೈಸಿಕೊಂಡರು, ಮತ್ತೆ ಹೋದರು. ನಮ್ಮ ಭಾಗದ ಅನೇಕ ಹುಡುಗಿಯರಿಗೆ ಶಾಲೆಯ ಮೈದಾನ ಬಿಟ್ಟರೆ ಬೇರೆ ಮೈದಾನವೇ ಇಲ್ಲ. ಖೋ ಖೋ ಕಂಬ ಸುತ್ತಿ ಓಡುತ್ತಿದ್ದ ಹುಡುಗಿ ಶಾಲೆಯ ಗೇಟು ಮುಚ್ಚಿದ ದಿನವೇ ಓಡುವುದನ್ನು ಬಿಟ್ಟಳು. ರೊಟ್ಟಿ ಬಡಿಯುವುದು, ಪಾತ್ರೆ, ತಮ್ಮನನ್ನು ನೋಡಿಕೊಳ್ಳುವುದು. ಗೇಟು ಮತ್ತೆ ತೆರೆದಾಗ ಕೆಲವರು ಮರಳಿ ಬರಲಿಲ್ಲ.

ಹಾಗಾದರೆ ಎಲ್ಲ ಆಟವನ್ನೂ ಬಿಡಬಹುದಿತ್ತೆ? ಇಲ್ಲ. ಇಲ್ಲಿ ಸ್ವಲ್ಪ ವಿವೇಚನೆ ಬೇಕು. ಓಟ, ಹಗ್ಗದಾಟ, ಸೈಕಲ್ಲು, ಸೂರ್ಯನಮಸ್ಕಾರ, ಲಗೋರಿ ಇವೆಲ್ಲ ಬಯಲಿನಲ್ಲಿ ಕಡಿಮೆ ಅಪಾಯದವು. ನಮ್ಮ ಪ್ರೀತಿಯ ಕಬಡ್ಡಿ ಮಾತ್ರ ಆ ಕಾಲಕ್ಕೆ ತೀರ ಒಗ್ಗದ ಆಟ. ಏಳು ಮಂದಿ ಒಬ್ಬನನ್ನು ತಬ್ಬಿ ಕೆಡವುವುದು, ಆತ ಅವರ ಮುಖದ ಮೇಲೆಯೇ ಒಂದೇ ಸಮನೆ "ಕಬಡ್ಡಿ ಕಬಡ್ಡಿ" ಎನ್ನುತ್ತ ಉಸಿರು ಸುರಿಯುವುದು: ವೈರಾಣುವೇ ಕೂತು ಒಂದು ಆಟ ಕಟ್ಟಿದ್ದರೆ ಇದಕ್ಕಿಂತ ಚೆಂದ ಕಟ್ಟುತ್ತಿರಲಿಲ್ಲ. ಕುಸ್ತಿಯೂ ಹಾಗೆಯೇ. ಗರಡಿಮನೆ ಎಂದರೆ ಗಾಳಿಯಾಡದ ಸಣ್ಣ ಕೋಣೆ, ಕೆಂಪು ಮಣ್ಣು, ಮೈಗೆ ಮೈ. ಅಲ್ಲಿಯ ಪೈಲವಾನರು ಜೋಡಿ ಬಿಟ್ಟು ಅಂಗಳದಲ್ಲಿ ಒಬ್ಬೊಬ್ಬರೇ ದಂಡ, ಬೈಠಕ್ ಹೊಡೆಯಬಹುದಿತ್ತು.

ಇನ್ನು ಎಚ್ಚರಿಕೆಗಳು. ಜ್ವರ, ಕೆಮ್ಮು ಇದ್ದ ದಿನ, ಮನೆಯಲ್ಲಿ ರೋಗಿ ಇದ್ದಾಗ ಹೊರಗೆ ಹೋಗಬಾರದು. ರೋಗ ಬಂದು ಹೋದ ಮೇಲೆ ಮೊದಲ ದಿನವೇ ಮೈದಾನಕ್ಕೆ ಜಿಗಿಯಬಾರದು. ಈ ರೋಗ ಕೆಲವರಲ್ಲಿ ಹೃದಯದ ಸ್ನಾಯುವಿಗೆ ಬಾವು ತರುತ್ತದಾದ್ದರಿಂದ ನಡಿಗೆಯಿಂದ ಆರಂಭಿಸಿ ಮೆಲ್ಲಗೆ ಏರಿಸಬೇಕು. ಎದೆ ನೋವು, ತಲೆಸುತ್ತು ಬಂದರೆ ನಿಲ್ಲಿಸಿ ಡಾಕ್ಟರರಿಗೆ ತೋರಿಸಬೇಕು. ಜೋರಾಗಿ ಓಡುವಾಗ ಮುಖಕ್ಕೆ ಮಾಸ್ಕು ಬೇಡ, ಬದಲಿಗೆ ದೂರ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತ್ತು. ಓಟ ಮುಗಿದು ಗೆಳೆಯರ ಜೊತೆ ಕಟ್ಟೆಯ ಮೇಲೆ ಕೂತು ಹರಟುವಾಗ ಬೇಕು. ನಿಜವಾಗಿ ಅಪಾಯ ಇರುವುದು ಆ ಹರಟೆಯಲ್ಲಿಯೇ. ಎಲ್ಲಕ್ಕಿಂತ ಮುಖ್ಯ ಮನೆಯ ಅಜ್ಜ ಅಜ್ಜಿ. ಮಕ್ಕಳಿಗೆ ಈ ರೋಗ ಬಹುಮಟ್ಟಿಗೆ ಸೌಮ್ಯವಾಗಿ ಬಂದು ಹೋಯಿತು; ಮುದುಕರಿಗೆ ಹಾಗಲ್ಲ. ಆಡಿ ಬಂದ ಮೊಮ್ಮಗ ಕೈಕಾಲು ತೊಳೆದು ಒಂದಿಷ್ಟು ದಿನ ಅಜ್ಜನ ಹಾಸಿಗೆಯಿಂದ ದೂರ ಮಲಗಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು. ಒಂದೇ ಪಡಸಾಲೆಯ ಮನೆಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ ಎಂದು ನನಗೂ ಗೊತ್ತು. ನಿರ್ಬಂಧದ ಪರವಾಗಿ ಇರುವ ಅತ್ಯಂತ ಬಲವಾದ ವಾದ ಇದೊಂದೇ. ಅದನ್ನು ಹಗುರಾಗಿ ತಳ್ಳಿಹಾಕುವವರು 2021ರ ಎರಡನೆಯ ಅಲೆಯನ್ನು ಮರೆತವರು.

ಕುತೂಹಲದ ಮಾತೆಂದರೆ, ನಮ್ಮ ಸರಕಾರವೇ ಒಮ್ಮೆ ಮಕ್ಕಳನ್ನು ಬಯಲಿಗೆ ತಂದಿತು. ಆಗಸ್ಟ್ 2020ರಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯಲ್ಲಿ ಸರಕಾರಿ ಶಾಲೆಯ ಶಿಕ್ಷಕರು ಊರಿನ ಮರದ ಕೆಳಗೆ, ಗುಡಿಯ ಕಟ್ಟೆಯ ಮೇಲೆ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಮಕ್ಕಳೂ ಹಾಗೆ ಕೂತರು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಬಂದ ಮೇಲೆ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ಬಯಲೂ ಸುರಕ್ಷಿತವಲ್ಲ ಎಂದು ಅನೇಕರು ಇದರಿಂದ ತೀರ್ಮಾನಿಸಿದರು. ನನಗೆ ಹಾಗೆ ತೋರುವುದಿಲ್ಲ. ಕೆಲವು ಕಡೆ ಪಾಠ ನಡೆದದ್ದು ನಿಜವಾದ ಬಯಲಿನಲ್ಲಿ. ಮಳೆ ಬಂದ ದಿನ ಸಮುದಾಯ ಭವನದೊಳಗೆ, ಗುಡಿಯೊಳಗೆ ಸೇರಿದ್ದೂ ಉಂಟು. ಶಿಕ್ಷಕರು ಓಣಿಯಿಂದ ಓಣಿಗೆ, ಮನೆಯಿಂದ ಮನೆಗೆ ತಿರುಗುತ್ತಿದ್ದರು. ಯಾವ ಸೋಂಕು ಎಲ್ಲಿ ತಗುಲಿತು ಎಂದು ಬಿಡಿಸಿ ನೋಡದೆ ಬಯಲಿನ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ.

ಈ ಭಾಗದ ಮಕ್ಕಳ ಲೆಕ್ಕ ಮಹಾಮಾರಿಯಿಂದ ಮಾತ್ರ ಶುರುವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಆಗಸ್ಟ್ 2019ರಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ದಂಡೆಯ ಊರುಗಳು ಮುಳುಗಿದ್ದವು. ನೀರು ಹೊಕ್ಕ ಶಾಲೆಗಳ ಗೋಡೆ ಒಣಗಿ ಏಳು ತಿಂಗಳಾಗುವಷ್ಟರಲ್ಲಿ ಬೀಗ ಬಿತ್ತು. ಜುಲೈ 2021ರಲ್ಲಿ ಮತ್ತೆ ಪ್ರವಾಹ. ಒಂದು ಕಡೆ ಗುಂಪುಗೂಡಬೇಡಿ ಎಂಬ ನಿಯಮ, ಇನ್ನೊಂದು ಕಡೆ ಕಾಳಜಿ ಕೇಂದ್ರದ ಒಂದೇ ಹಾಲಿನಲ್ಲಿ ಸಾಲಾಗಿ ಹಾಸಿದ ಚಾಪೆಗಳು. ನದಿಗೆ ನಿಯಮ ಗೊತ್ತಿಲ್ಲ.

ಕರ್ನಾಟಕದಲ್ಲಿ 9ರಿಂದ 12ನೆಯ ತರಗತಿಗಳು 2021ರ ಆಗಸ್ಟ್ 23ರಿಂದ, 6ರಿಂದ 8 ಸೆಪ್ಟೆಂಬರ್ 6ರಿಂದ, 1ರಿಂದ 5 ಅಕ್ಟೋಬರ್ 25ರಿಂದ ಮತ್ತೆ ತೆರೆದವು. ಜೂನ್ 2020ರಲ್ಲಿ ಒಂದನೆಯ ತರಗತಿಗೆ ಸೇರಬೇಕಿದ್ದ ಮಗು ಶಾಲೆಯ ಅಂಗಳದಲ್ಲಿ ಮೊದಲ ಸಲ ಓಡಿದ್ದು ಎರಡನೆಯ ತರಗತಿಯ ನಡುವಿನಲ್ಲಿ. ಆ ಮಗು ನಿಮ್ಮ ತಮ್ಮನೋ ತಂಗಿಯೋ ಆಗಿದ್ದರೆ ಒಮ್ಮೆ ಕೇಳಿ ನೋಡಿರಿ, ಮೈದಾನದಲ್ಲಿ ಆ ದಿನ ಮೊದಲು ಏನಾಡಿದೆ ಎಂದು. ಹಾಗೆಯೇ ನಿಮ್ಮ ಊರಿನ ತೀರ ಹಿರಿಯರನ್ನು ಹುಡುಕಿ, ಪ್ಲೇಗಿನ ಕಾಲದಲ್ಲಿ ಜನ ಗುಡಿಸಲು ಹಾಕಿದ್ದ ಹೊಲ ಯಾವುದು ಎಂದು ಅವರ ಅಜ್ಜಂದಿರು ಹೇಳಿದ್ದರೆ ಬರೆದುಕೊಳ್ಳಿರಿ. ಅಗಸಿಯಿಂದ ಅದು ಎಷ್ಟು ದೂರ, ಅಲ್ಲಿ ಬಾವಿ ಇದೆಯೆ, ನೆರಳಿದೆಯೆ, ನೂರು ಮಕ್ಕಳು ಒಬ್ಬರಿಗೊಬ್ಬರು ತಾಗದೆ ನಿಲ್ಲಬಹುದೆ ಎಂದು ನಡೆದು ಅಳೆಯಿರಿ. ಆ ಕಾಗದದ ಒಂದು ಪ್ರತಿ ನಿಮ್ಮ ಶಾಲೆಯಲ್ಲಿರಲಿ, ಇನ್ನೊಂದನ್ನು ಪಂಚಾಯಿತಿಗೆ ಕೊಡಿರಿ.